ಕಂಪ್ಯೂಟರ್ ಕೊಟ್ಟ ಮೇಲಿನ ವರ್ಷಗಳಿಗೆ ಹೊಣೆ ಯಾರು?

ಮಾನ್ಯ ಸಂಪಾದಕರೇ,

ಸರ್ಕಾರಿ ಶಾಲೆಗಳಿಗೆ ಲ್ಯಾಪ್‌ಟಾಪ್, ಟ್ಯಾಬ್, ಸ್ಮಾರ್ಟ್ ಬೋರ್ಡ್‌ಗಳನ್ನು ಹಸ್ತಾಂತರಿಸುವ ಸಮಾರಂಭಗಳ ಚಿತ್ರಗಳು ತಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಆಗಾಗ ಪ್ರಕಟವಾಗುತ್ತಿರುತ್ತವೆ. ಬೆಂಗಳೂರಿಗೆ ಹತ್ತಿರವಿರುವ ಕಾರಣ ಚಿಕ್ಕಬಳ್ಳಾಪುರ ಮತ್ತು ಕೋಲಾರ ಜಿಲ್ಲೆಗಳ ಶಾಲೆಗಳಿಗೆ ಸರ್ಕಾರದ ಅನುದಾನದ ಜೊತೆಗೆ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ನಿಧಿಯಿಂದ, ಸಂಘ ಸಂಸ್ಥೆಗಳಿಂದ, ಊರು ಬಿಟ್ಟು ಹೋಗಿ ನೆಲೆ ಕಂಡುಕೊಂಡ ಹಳೆಯ ವಿದ್ಯಾರ್ಥಿಗಳಿಂದಲೂ ಇಂಥ ನೆರವು ಬರುತ್ತಿದೆ. ಕೊಡುವವರ ಮನಸ್ಸಿನ ಬಗ್ಗೆ ನನಗೆ ಗೌರವವಿದೆ. ನನ್ನ ಪ್ರಶ್ನೆ ಸಮಾರಂಭದ ಮರುದಿನದಿಂದ ಶುರುವಾಗುತ್ತದೆ. ಆ ಯಂತ್ರಗಳನ್ನು ಬಳಸಿ ಪಾಠ ಮಾಡುವವರು ಯಾರು, ಯಾವ ಪೀರಿಯಡ್‌ನಲ್ಲಿ ಮಾಡಬೇಕು, ಕೆಟ್ಟರೆ ರಿಪೇರಿಗೆ ಹಣ ಎಲ್ಲಿಂದ ಬರಬೇಕು, ಐದು ವರ್ಷ ಕಳೆದ ಮೇಲೆ ಅವುಗಳ ಗತಿಯೇನು ಎಂಬುದನ್ನು ಕೊಡುವ ದಿನವೇ ಬರೆದಿಡದೆ ಹೋದರೆ ಆ ಹಣವೂ ಆ ಮಕ್ಕಳ ಆಸೆಯೂ ಒಟ್ಟಿಗೆ ವ್ಯರ್ಥವಾಗುತ್ತವೆ ಎಂಬುದನ್ನು ಈ ಪತ್ರದ ಮೂಲಕ ತಮ್ಮ ಓದುಗರ ಮುಂದೆ, ವಿಶೇಷವಾಗಿ ಶಿಕ್ಷಣ ಇಲಾಖೆಯ ಅಧಿಕಾರಿಗಳ ಮುಂದೆ, ಇಡಲು ಬಯಸುತ್ತೇನೆ.

ಶಿಡ್ಲಘಟ್ಟ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಗಳಲ್ಲಿ ಬಹುಕಾಲ ಗಣಿತ ಬೋಧಿಸಿ ನಿವೃತ್ತಳಾದವಳು ನಾನು. ಈಗಲೂ ನಮ್ಮೂರ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಗಳಿಗೆ ಹೋಗುತ್ತೇನೆ, ಕರೆದ ಕಡೆ ಮಕ್ಕಳಿಗೆ ಪಾಠ ಮಾಡುತ್ತೇನೆ. ಶಾಲೆಯಲ್ಲಿ ಕಂಪ್ಯೂಟರ್ ಬೇಡ ಎನ್ನುವವರ ಪೈಕಿ ನಾನಲ್ಲ. ನಮ್ಮ ರೈತ ಬೆಳಿಗ್ಗೆ ಡೇರಿಗೆ ಹಾಲು ಹಾಕಿದರೆ ಕಂಪ್ಯೂಟರ್ ಚೀಟಿ ಕೊಡುತ್ತದೆ, ಗೂಡಿನ ಮಾರುಕಟ್ಟೆಯಲ್ಲಿ ಇ-ಹರಾಜು ನಡೆಯುತ್ತದೆ, ಪಹಣಿ ಬೇಕಾದರೂ ಪಿಂಚಣಿ ಬೇಕಾದರೂ ಯಾವುದೋ ಒಂದು ಪರದೆಯ ಮುಂದೆ ನಿಲ್ಲಬೇಕು. ತಂದೆ ತಾಯಿ ದಿನವೂ ಎದುರಿಸುವ ಯಂತ್ರವನ್ನು ಮಗು ಶಾಲೆಯಲ್ಲಿ ಕಲಿಯದೆ ಹೋದರೆ, ಮುಂದೆ ಅದು ಕೂಡ ಕೌಂಟರಿನ ಈಚೆ ಕಡೆಯೇ ನಿಂತು ಇನ್ನೊಬ್ಬರ ಕೈ ಕಾಯಬೇಕಾಗುತ್ತದೆ.

ಶಾಲೆಗೆ ಕಂಪ್ಯೂಟರ್ ಬಂದದ್ದು ನಮ್ಮ ರಾಜ್ಯದಲ್ಲಿ ಹೊಸ ಸಂಗತಿಯಲ್ಲ. ಈ ಶತಮಾನದ ಮೊದಲ ವರ್ಷಗಳಲ್ಲೇ ‘ಮಾಹಿತಿ ಸಿಂಧು’ ಎಂಬ ಯೋಜನೆಯಡಿ ಸುಮಾರು ಒಂದು ಸಾವಿರ ಸರ್ಕಾರಿ ಪ್ರೌಢಶಾಲೆಗಳಲ್ಲಿ ಕಂಪ್ಯೂಟರ್ ಕೊಠಡಿಗಳನ್ನು ತೆರೆಯಲಾಯಿತು. 2004ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ‘ಐಸಿಟಿ ಅಟ್ ಸ್ಕೂಲ್’ ಯೋಜನೆ ಆರಂಭಿಸಿ, 2010ರಲ್ಲಿ ಅದನ್ನು ಪರಿಷ್ಕರಿಸಿತು. ಹಲವು ರಾಜ್ಯಗಳಲ್ಲಿ, ನಮ್ಮಲ್ಲಿಯೂ, ಖಾಸಗಿ ಸಂಸ್ಥೆಗಳೇ ಉಪಕರಣ ಅಳವಡಿಸಿ, ಬೋಧಕರನ್ನು ನೇಮಿಸಿ, ಐದು ವರ್ಷ ನಡೆಸಿ, ಆಮೇಲೆ ಎಲ್ಲವನ್ನೂ ಶಾಲೆಗೆ ಒಪ್ಪಿಸಿ ಹೋಗುವ ಗುತ್ತಿಗೆ ಪದ್ಧತಿ ಜಾರಿಗೆ ಬಂತು. ಕಾಗದದ ಮೇಲೆ ಇದು ಚೊಕ್ಕವಾದ ಏರ್ಪಾಟು. ಶಾಲೆಯಲ್ಲಿ ಆದದ್ದು ಬೇರೆ. ಕಂಪ್ಯೂಟರ್ ಪಾಠ ಎಂದರೆ ಹೊರಗಿನಿಂದ ಬಂದವರು ಮಾಡುವ ಪಾಠ ಎಂಬ ಭಾವನೆ ಉಳಿದ ಶಿಕ್ಷಕರಲ್ಲಿ ಬೇರೂರಿತು. ಕಡಿಮೆ ಸಂಬಳಕ್ಕೆ ದುಡಿಯುತ್ತಿದ್ದ ಆ ಬೋಧಕರಲ್ಲಿ ನಿಜಕ್ಕೂ ಶ್ರದ್ಧೆಯಿಂದ ಕಲಿಸಿದವರು ಇದ್ದರು; ಗುತ್ತಿಗೆ ಮುಗಿದ ದಿನ ಅವರೂ ಹೋದರು, ಅವರ ಜೊತೆ ಪಾಠವೂ ಹೋಯಿತು. ಶಾಲೆಗೆ ಉಳಿದದ್ದು ಐದು ವರ್ಷ ಹಳೆಯದಾದ ಯಂತ್ರಗಳು ಮತ್ತು ಸತ್ತು ಹೋದ ಯುಪಿಎಸ್ ಬ್ಯಾಟರಿಗಳು.

ಆ ಬಳಿಕ ಏನಾಗುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ಹೇಳಬೇಕು, ಏಕೆಂದರೆ ಹೊರಗಿನವರಿಗೆ ಇದು ಬರೀ ಉದಾಸೀನದಂತೆ ಕಾಣುತ್ತದೆ. ನಮ್ಮ ಕಡೆಯ ಒಂದು ಪ್ರೌಢಶಾಲೆಯಲ್ಲಿ ಕಂಪ್ಯೂಟರ್ ಕೊಠಡಿಗೆ ಎರಡು ಬೀಗ. ಒಂದರ ಬೀಗದ ಕೈ ಮುಖ್ಯ ಶಿಕ್ಷಕರ ಬೀರುವಿನಲ್ಲಿ, ಇನ್ನೊಂದರದ್ದು ಅವರ ಮನೆಯಲ್ಲಿ. ಕಿಟಕಿಗಳಿಗೆ ಹೊರಗಿನಿಂದ ತಗಡು ಹೊಡೆಸಿದ್ದಾರೆ. ಒಳಗೆ ಮಾನಿಟರುಗಳ ಮೇಲೆ ಹೊದಿಸಿದ ಪ್ಲಾಸ್ಟಿಕ್ ಹೊದಿಕೆ ಹಳದಿ ತಿರುಗಿದೆ, ಮೌಸುಗಳನ್ನು ಬಿಚ್ಚಿ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಕಟ್ಟಿಟ್ಟಿದ್ದಾರೆ, ಮೂಲೆಯಲ್ಲಿ ಡಿಸ್ಟಿಲ್ಡ್ ವಾಟರ್ ಕಾಣದೆ ಉಬ್ಬಿದ ಬ್ಯಾಟರಿಗಳ ಸಾಲು ಇದೆ. ಗೋಡೆಯ ಮೇಲೆ ಮಾತ್ರ ಉದ್ಘಾಟನೆಯ ಫಲಕ ಹೊಳೆಯುತ್ತಿದೆ. ಆ ಮುಖ್ಯ ಶಿಕ್ಷಕರು ಸೋಮಾರಿಗಳಲ್ಲ. ಭಾನುವಾರವೂ ಹತ್ತನೇ ತರಗತಿಯವರಿಗೆ ವಿಶೇಷ ತರಗತಿ ನಡೆಸುವವರು. ಕೊಠಡಿಯನ್ನು ಏಕೆ ತೆರೆಯುವುದಿಲ್ಲ ಎಂದು ಕೇಳಿದರೆ ಅವರು ತೋರಿಸುವುದು ದಾಸ್ತಾನು ವಹಿಯನ್ನು. ಅದರಲ್ಲಿ ಪ್ರತಿ ಕೀಬೋರ್ಡಿಗೂ ಒಂದು ಸಾಲು, ಒಂದು ಬೆಲೆ. ಲೆಕ್ಕ ತಪಾಸಣೆಗೆ ಬಂದವರು ಒಂದು ಕಡಿಮೆ ಎಂದರೆ, ವರ್ಗವಾಗುವಾಗ ಚಾರ್ಜ್ ಕೊಡಲು ಹೋಗಿ ಒಂದು ಸಿಗದೆ ಹೋದರೆ, ನಿವೃತ್ತಿಯ ಹೊತ್ತಿನಲ್ಲಿ ಆಕ್ಷೇಪಣೆ ಎದ್ದರೆ, ಉತ್ತರ ಕೊಡಬೇಕಾದವರು ಅವರೇ. ಮಕ್ಕಳು ಬಳಸಿದರೆ ವಸ್ತು ಸವೆಯುತ್ತದೆ, ಕೆಡುತ್ತದೆ, ಆಗೊಮ್ಮೆ ಈಗೊಮ್ಮೆ ಕಳೆದೂ ಹೋಗುತ್ತದೆ. ಬಳಸದೆ ಬೀಗ ಹಾಕಿಟ್ಟರೆ ವಹಿಯಲ್ಲಿ ಎಲ್ಲವೂ ಸರಿಯಾಗಿರುತ್ತದೆ. ಹಾಳಾದರೆ ಪ್ರಶ್ನಿಸುವ ನಿಯಮ ನಮ್ಮಲ್ಲಿದೆ. ಬಳಸದೆ ಬಿಟ್ಟರೆ ಪ್ರಶ್ನಿಸುವ ನಿಯಮ ಇಲ್ಲ. ಈ ಒಂದು ಏರುಪೇರನ್ನು ಸರಿಪಡಿಸುವವರೆಗೆ ಎಷ್ಟೇ ಹೊಸ ಲ್ಯಾಪ್‌ಟಾಪ್ ಬಂದರೂ ಅವು ಬೀರುವಿನೊಳಗೇ ಹೋಗುತ್ತವೆ.

ಬೀರುವಿನೊಳಗೆ ಹೋಗುವುದಕ್ಕೆ ಇನ್ನೊಂದು ಕಾರಣವೂ ಇದೆ. ರಾತ್ರಿ ಕಾವಲಿಲ್ಲದ ಊರಾಚೆಯ ಶಾಲೆಗಳಲ್ಲಿ ಕಳ್ಳರು ಮೊದಲು ಕೈ ಹಾಕುವುದು ಬ್ಯಾಟರಿಗಳಿಗೆ. ಹೊಸದಾಗಿ ನೆರವು ಕೊಡುವವರು ಈ ಮಾತನ್ನು ಕಿವಿಗೆ ಹಾಕಿಕೊಂಡರೆ ಒಳ್ಳೆಯದು: ಒಂದು ಲ್ಯಾಪ್‌ಟಾಪ್ ಕಡಿಮೆ ಕೊಟ್ಟರೂ ಸರಿ, ಆ ಹಣದಲ್ಲಿ ಗಟ್ಟಿ ಬಾಗಿಲು ಮತ್ತು ಸರಿಯಾದ ವೈರಿಂಗ್ ಮಾಡಿಸಿಕೊಡಲಿ.

ನೆರೆಯ ಕೇರಳ ಇದೇ ಕಾಲದಲ್ಲಿ ಬೇರೆ ದಾರಿ ಹಿಡಿಯಿತು. ಅಲ್ಲಿ 2001ರಲ್ಲಿ ಶುರುವಾದ ‘ಐಟಿ ಅಟ್ ಸ್ಕೂಲ್’ ಯೋಜನೆ ಹೊರಗಿನ ಬೋಧಕರನ್ನು ನೆಚ್ಚಿಕೊಳ್ಳಲಿಲ್ಲ. ಶಾಲೆಯಲ್ಲಿ ಈಗಾಗಲೇ ಇದ್ದ ಗಣಿತ, ವಿಜ್ಞಾನ, ಭಾಷಾ ಶಿಕ್ಷಕರಿಗೇ ತರಬೇತಿ ಕೊಟ್ಟು, ಅವರಲ್ಲೇ ಕೆಲವರನ್ನು ಮುಖ್ಯ ತರಬೇತುದಾರರನ್ನಾಗಿ ಬೆಳೆಸಿತು. ಪರವಾನಗಿ ಶುಲ್ಕ ಕೇಳದ ಮುಕ್ತ ತಂತ್ರಾಂಶವನ್ನು ಇಡೀ ರಾಜ್ಯದ ಶಾಲೆಗಳಿಗೆ ಅಳವಡಿಸಿತು. ಹತ್ತನೇ ತರಗತಿಯ ಪರೀಕ್ಷೆಯಲ್ಲಿ ಈ ವಿಷಯಕ್ಕೂ ಪ್ರಾಯೋಗಿಕ ಪರೀಕ್ಷೆ ಇಟ್ಟ ಕಾರಣ ಪೀರಿಯಡ್ ಅನ್ನು ಯಾರೂ ಬೇರೆ ವಿಷಯಕ್ಕೆ ಕಸಿಯುವಂತಿರಲಿಲ್ಲ. ಆ ಯೋಜನೆಯೇ 2017ರಲ್ಲಿ ‘ಕೈಟ್’ ಎಂಬ ಸರ್ಕಾರಿ ಸಂಸ್ಥೆಯಾಯಿತು. 2018ರಿಂದ ಪ್ರೌಢಶಾಲೆಗಳಲ್ಲಿ ಮಕ್ಕಳ ಐಟಿ ಕ್ಲಬ್ಬುಗಳು ನಡೆಯುತ್ತಿದ್ದು, ಸಣ್ಣಪುಟ್ಟ ದೋಷಗಳನ್ನು ಮಕ್ಕಳೇ ಗುರುತಿಸಿ ಸರಿಪಡಿಸುವಷ್ಟು ಕಲಿಯುತ್ತಾರೆ. ನಮ್ಮಲ್ಲಿ ಇಂಥ ಯೋಚನೆ ಇರಲಿಲ್ಲವೆಂದಲ್ಲ. 2010ರ ನಂತರ ವಿಷಯ ಶಿಕ್ಷಕರ ವೇದಿಕೆಗಳ ಮೂಲಕ ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಶಿಕ್ಷಕರಿಗೆ ತರಬೇತಿ ನಡೆಯಿತು, ಕನ್ನಡದಲ್ಲಿ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣ ರೂಪುಗೊಂಡಿತು. 2016-17ರಿಂದ ಬಂದ ‘ಟಾಲ್ಪ್’ (ತಂತ್ರಜ್ಞಾನದ ನೆರವಿನ ಕಲಿಕೆ) ಕಾರ್ಯಕ್ರಮವೂ ಶಾಲೆಯ ಶಿಕ್ಷಕರೇ ಕಂಪ್ಯೂಟರ್ ಬಳಸಿ ತಮ್ಮ ವಿಷಯ ಬೋಧಿಸಬೇಕು ಎಂಬ ಸರಿಯಾದ ನೆಲೆಯ ಮೇಲೇ ನಿಂತದ್ದು. ಆದರೆ ತರಬೇತಿ ಮುಗಿಸಿ ಬಂದ ಶಿಕ್ಷಕಿಗೆ ಶಾಲೆಯಲ್ಲಿ ಕೆಲಸ ಮಾಡುವ ಯಂತ್ರವಿಲ್ಲ, ಯಂತ್ರ ಕೆಲಸ ಮಾಡುವ ಶಾಲೆಯಲ್ಲಿ ತರಬೇತಿ ಪಡೆದವರು ವರ್ಗವಾಗಿ ಹೋಗಿದ್ದಾರೆ. ಇವೆರಡನ್ನೂ ಒಂದೇ ಕಡೆ ಸೇರಿಸುವ ಕೆಲಸ ಮಾತ್ರ ಇನ್ನೂ ಆಗಬೇಕಿದೆ.

ನಮ್ಮ ರಾಜ್ಯದ್ದೇ ಒಂದು ಉದಾಹರಣೆಯನ್ನು ಇಲ್ಲಿ ನೆನೆಯುವುದು ನ್ಯಾಯ. ‘ಭೂಮಿ’ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ಅದು ಗಟ್ಟಿಯಾಗಿ ನೆಲೆಯೂರಿತು, ಇಂದಿಗೂ ನಡೆಯುತ್ತಿದೆ. ತಂತ್ರಾಂಶ ಕನ್ನಡದಲ್ಲಿತ್ತು. ತಾಲ್ಲೂಕು ಕಚೇರಿಯ ಕೌಂಟರಿನಲ್ಲಿ ಕೂರಲು ಇಲಾಖೆಯದೇ ಗ್ರಾಮ ಲೆಕ್ಕಿಗರನ್ನು ಆರಿಸಿ ತರಬೇತಿ ಕೊಟ್ಟರು, ಯಾರು ಯಾವ ತಿದ್ದುಪಡಿ ಮಾಡಿದರು ಎಂಬುದಕ್ಕೆ ಬೆರಳ ಗುರುತಿನ ದಾಖಲೆ ಇತ್ತು, ಕೈಬರಹದ ಪಹಣಿಗೆ ಮಾನ್ಯತೆ ಇಲ್ಲ ಎಂದು ಸರ್ಕಾರ ಗಟ್ಟಿಯಾಗಿ ಹೇಳಿತು. ಜಮೀನಿನ ದಾಖಲೆಗೆ ತೋರಿಸಿದ ಈ ಕಾಳಜಿಯನ್ನು ಅದೇ ರೈತರ ಮಕ್ಕಳ ಕಲಿಕೆಗೆ ತೋರಿಸಲು ಆಗದೆಂದು ನಾನು ಒಪ್ಪಲಾರೆ.

ಇನ್ನು ಕಂಪ್ಯೂಟರಿನಿಂದ ಮಕ್ಕಳ ಕಲಿಕೆ ನಿಜಕ್ಕೂ ಸುಧಾರಿಸುತ್ತದೆಯೇ ಎಂಬ ಮೂಲ ಪ್ರಶ್ನೆ. ಇದಕ್ಕೆ ಊಹೆಯ ಉತ್ತರ ಬೇಕಿಲ್ಲ, ಅಳೆದು ನೋಡಿದ ಉತ್ತರಗಳಿವೆ. ಪೆರು ದೇಶ ‘ಮಗುವಿಗೊಂದು ಲ್ಯಾಪ್‌ಟಾಪ್’ ಯೋಜನೆಯನ್ನು ದೊಡ್ಡ ಪ್ರಮಾಣದಲ್ಲಿ ಜಾರಿಗೆ ತಂದಿತು. ಅಂತರ-ಅಮೆರಿಕನ್ ಅಭಿವೃದ್ಧಿ ಬ್ಯಾಂಕಿನ ಸಂಶೋಧಕರು ಅಲ್ಲಿನ 319 ಗ್ರಾಮೀಣ ಶಾಲೆಗಳನ್ನು ಪರಿಶೀಲಿಸಿ 2012ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಲ್ಯಾಪ್‌ಟಾಪ್ ಸಿಕ್ಕ ಮಕ್ಕಳು ಗಣಿತದಲ್ಲಾಗಲೀ ಭಾಷೆಯಲ್ಲಾಗಲೀ ಸಿಗದ ಮಕ್ಕಳಿಗಿಂತ ಮುಂದೆ ಹೋಗಿರಲಿಲ್ಲ. 2015ರಲ್ಲಿ ಒಇಸಿಡಿ (ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ) ಸಂಸ್ಥೆ ಶ್ರೀಮಂತ ದೇಶಗಳ ಅಂಕಿ ಅಂಶಗಳನ್ನು ಒಟ್ಟಿಗಿಟ್ಟು ನೋಡಿದಾಗಲೂ ಶಾಲಾ ಕಂಪ್ಯೂಟರುಗಳಿಗೆ ಹೆಚ್ಚು ಹಣ ಸುರಿದ ದೇಶಗಳಲ್ಲಿ ಓದು, ಗಣಿತ, ವಿಜ್ಞಾನದ ಅಂಕಗಳು ಹೇಳಿಕೊಳ್ಳುವಂತೆ ಏರಿರಲಿಲ್ಲ.

ಆದರೆ ನಮ್ಮ ದೇಶದಲ್ಲೇ ನಡೆದ ಅಧ್ಯಯನಗಳು ಇನ್ನೊಂದು ಮಾತು ಹೇಳುತ್ತವೆ, ಅದನ್ನು ಹೆಚ್ಚು ಜನ ಓದಬೇಕು. ಮುಂದೆ 2019ರಲ್ಲಿ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೊ ತಮ್ಮ ಸಹೋದ್ಯೋಗಿಗಳೊಂದಿಗೆ ವಡೋದರಾದ ಮಹಾನಗರ ಪಾಲಿಕೆ ಶಾಲೆಗಳಲ್ಲಿ ನಾಲ್ಕನೇ ತರಗತಿಯ ಮಕ್ಕಳ ಮೇಲೆ ಒಂದು ಪ್ರಯೋಗ ನಡೆಸಿದರು. ವಾರಕ್ಕೆ ಎರಡೇ ಗಂಟೆ, ಒಂದು ಕಂಪ್ಯೂಟರಿಗೆ ಇಬ್ಬರು ಮಕ್ಕಳು, ಮಗುವಿನ ಮಟ್ಟಕ್ಕೆ ತಕ್ಕಂತೆ ಬದಲಾಗುವ ಗಣಿತದ ಆಟಗಳು. ಗಣಿತದಲ್ಲಿ ಸ್ಪಷ್ಟವಾದ ಮುನ್ನಡೆ ಕಂಡಿತು. ಕಾರ್ಯಕ್ರಮ ನಿಂತ ಮೇಲೆ ಆ ಮುನ್ನಡೆಯ ಬಹುಭಾಗ ಕರಗಿತು ಎಂಬುದನ್ನೂ ಅವರೇ ದಾಖಲಿಸಿದ್ದಾರೆ. ಗುಜರಾತಿನಲ್ಲೇ ನಡೆದ ಇನ್ನೊಂದು ಅಧ್ಯಯನ ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು. ಶಿಕ್ಷಕರ ಪಾಠದ ಅವಧಿಯನ್ನು ಕಡಿತಗೊಳಿಸಿ ಆ ಜಾಗದಲ್ಲಿ ಕಂಪ್ಯೂಟರ್ ಇಟ್ಟಾಗ ಮಕ್ಕಳು ಮೊದಲಿಗಿಂತ ಕಡಿಮೆ ಕಲಿತರು. ಅದೇ ತಂತ್ರಾಂಶವನ್ನು ಶಾಲೆಯ ಅವಧಿಯ ಹೊರಗೆ, ಪಾಠದ ಜೊತೆಗೆ ಹೆಚ್ಚುವರಿಯಾಗಿ ಕೊಟ್ಟಾಗ ಹೆಚ್ಚು ಕಲಿತರು, ಅದರಲ್ಲೂ ಹಿಂದುಳಿದಿದ್ದ ಮಕ್ಕಳಿಗೆ ಹೆಚ್ಚು ಲಾಭವಾಯಿತು. ದೆಹಲಿಯಲ್ಲಿ ಮಾಧ್ಯಮಿಕ ತರಗತಿಗಳ ಮಕ್ಕಳಿಗಾಗಿ ಶಾಲೆಯ ಹೊತ್ತು ಮುಗಿದ ಮೇಲೆ ನಡೆಸಿದ ಕೇಂದ್ರಗಳ ಬಗ್ಗೆ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿಯೂ ನಾಲ್ಕೂವರೆ ತಿಂಗಳಲ್ಲೇ ಗಣಿತ ಮತ್ತು ಹಿಂದಿಯಲ್ಲಿ ಒಳ್ಳೆಯ ಪ್ರಗತಿ ಕಂಡಿತ್ತು. ಅಲ್ಲಿ ಯಂತ್ರ ಮಾಡಿದ್ದೇನೆಂದರೆ, ಏಳನೇ ತರಗತಿಯಲ್ಲಿ ಕೂತಿದ್ದರೂ ಮೂರನೇ ತರಗತಿಯ ಭಾಗಾಕಾರದಲ್ಲಿ ಸಿಕ್ಕಿಕೊಂಡ ಮಗುವನ್ನು ಗುರುತಿಸಿ ಅಲ್ಲಿಂದಲೇ ಮೇಲೆತ್ತಿದ್ದು. ನಲವತ್ತು ಮಕ್ಕಳ ತರಗತಿಯಲ್ಲಿ ಪಠ್ಯ ಮುಗಿಸುವ ಒತ್ತಡದಲ್ಲಿರುವ ಶಿಕ್ಷಕರಿಗೆ ಅತ್ಯಂತ ಕಷ್ಟವಾಗುವ ಕೆಲಸ ಅದೇ. ಕಂಪ್ಯೂಟರ್ ಆ ಭಾರವನ್ನು ಹಂಚಿಕೊಳ್ಳುವುದಾದರೆ ಅದನ್ನು ಎರಡೂ ಕೈಯಿಂದ ಬರಮಾಡಿಕೊಳ್ಳೋಣ.

ಮಗುವಿಗೊಂದು ಯಂತ್ರ ಇಲ್ಲದಿದ್ದರೆ ಪ್ರಯೋಜನವಿಲ್ಲ ಎಂದು ಕೈಚೆಲ್ಲುವವರಿಗೂ ವಡೋದರಾದ ಪ್ರಯೋಗದಲ್ಲಿ ಉತ್ತರವಿದೆ. ಹತ್ತು ಕಂಪ್ಯೂಟರಿನಲ್ಲಿ ಇಪ್ಪತ್ತು ಮಕ್ಕಳು ಕೂರಬಹುದು. ಜೊತೆಯಲ್ಲಿ ಕೂತ ಮಕ್ಕಳು ಮಾತಾಡುತ್ತಾರೆ, ವಾದಿಸುತ್ತಾರೆ, ಒಬ್ಬರ ತಪ್ಪನ್ನು ಇನ್ನೊಬ್ಬರು ಹಿಡಿಯುತ್ತಾರೆ.

ಇಂಥ ಒಂದು ತರಗತಿಯನ್ನು ನಾನು ನಮ್ಮ ತಾಲ್ಲೂಕಿನಲ್ಲೇ ಕಂಡೆ. ಒಂಬತ್ತನೇ ತರಗತಿಯ ಮಕ್ಕಳಿಗೆ ಅಲ್ಲಿನ ಗಣಿತದ ಶಿಕ್ಷಕರು ಮನೆಯಿಂದ ಡೇರಿಯ ಚೀಟಿಗಳನ್ನು ತರಲು ಹೇಳಿದ್ದರು. ಮಕ್ಕಳು ಸ್ಪ್ರೆಡ್‌ಶೀಟಿನಲ್ಲಿ ದಿನಾಂಕ, ಹೊತ್ತು, ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ), ದರ ಎಂದು ಕಾಲಂ ಹಾಕಿ, ಲೀಟರನ್ನು ದರದಿಂದ ಗುಣಿಸುವ ಸೂತ್ರವನ್ನು ಒಂದೇ ಕೋಶದಲ್ಲಿ ಬರೆದು ಕೆಳಗೆಳೆದಾಗ ಇಡೀ ಕಾಲಂ ತುಂಬಿಕೊಂಡಿತು. ಸರ್ಕಾರ ಲೀಟರಿಗೆ ಕೊಡುವ 5 ರೂಪಾಯಿ ಪ್ರೋತ್ಸಾಹಧನ ಬಟವಾಡೆಯಲ್ಲಿ ಸೇರದೆ ಖಾತೆಗೆ ಬೇರೆಯಾಗಿ ಬರುವುದರಿಂದ ಅದಕ್ಕೊಂದು ಪ್ರತ್ಯೇಕ ಕಾಲಂ ಬೇಕೆಂದು ಸೂಚಿಸಿದ್ದು ಒಬ್ಬ ಹುಡುಗ. ಆಮೇಲೆ ಸರಾಸರಿ ಫ್ಯಾಟ್ ಎಷ್ಟು ಎಂಬ ಪ್ರಶ್ನೆ ಬಂತು. ಬೆಳಿಗ್ಗೆ 7 ಲೀಟರಿಗೆ 3.6, ಸಂಜೆ 3 ಲೀಟರಿಗೆ 4.2 ಇದ್ದ ಚೀಟಿಗಳನ್ನು ಹಿಡಿದು ಕಂಪ್ಯೂಟರ್ ಥಟ್ಟನೆ 3.9 ಎಂದಿತು. ಏಳು ಲೀಟರಿಗೂ ಮೂರು ಲೀಟರಿಗೂ ಒಂದೇ ತೂಕ ಕೊಡುವುದು ಸರಿಯೇ ಎಂದು ಶಿಕ್ಷಕರು ಕೇಳಿ ಸುಮ್ಮನೆ ನಿಂತರು. ಮಕ್ಕಳು ಯಂತ್ರ ಬಿಟ್ಟು ಪುಸ್ತಕಕ್ಕೆ ಬಂದರು, ಗುಣಿಸಿ ಕೂಡಿಸಿ ಹತ್ತರಿಂದ ಭಾಗಿಸಿದರು, 3.78 ಬಂತು. ಯಂತ್ರ ಕೊಟ್ಟದ್ದು ಕೇಳಿದ ಪ್ರಶ್ನೆಗೆ ಉತ್ತರವೇ ಹೊರತು ಕೇಳಬೇಕಾಗಿದ್ದ ಪ್ರಶ್ನೆಗಲ್ಲ ಎಂಬುದು ಆ ಹದಿನಾಲ್ಕು ವರ್ಷದ ಮಕ್ಕಳಿಗೆ ಅರ್ಥವಾದದ್ದನ್ನು ಕಂಡು ನನಗೆ ಆದ ಸಂತೋಷ ಸಣ್ಣದಲ್ಲ.

ಪಾಠ ಅಲ್ಲಿಗೇ ಮುಗಿಯಲಿಲ್ಲ. ರೇಖಾಚಿತ್ರ ಬಿಡಿಸಿ ನೋಡಿದ ಹುಡುಗಿಯೊಬ್ಬಳು, ತಮ್ಮ ಮನೆಯ ಸಂಜೆಯ ಹಾಲಿನಲ್ಲಿ ಫ್ಯಾಟ್ ಯಾವಾಗಲೂ ಹೆಚ್ಚು, ಬೆಳಿಗ್ಗೆ ಕಡಿಮೆ ಏಕೆ ಎಂದು ಕೇಳಿದಳು. ರಾತ್ರಿಯ ಅಂತರ ಉದ್ದವಿದ್ದು ಹಗಲಿನ ಅಂತರ ಕಡಿಮೆಯಿದ್ದಾಗ, ಕಡಿಮೆ ಅಂತರದಲ್ಲಿ ಕರೆದ ಹಾಲು ಪ್ರಮಾಣದಲ್ಲಿ ಕಡಿಮೆಯಿದ್ದರೂ ಕೊಬ್ಬಿನಲ್ಲಿ ಹೆಚ್ಚಿರುವುದು ಸಾಮಾನ್ಯ. ಶಿಕ್ಷಕರು ಉತ್ತರ ಹೇಳದೆ, ಮನೆಯಲ್ಲಿ ಎಷ್ಟು ಗಂಟೆಗೆ ಕರೆಯುತ್ತಾರೆಂದು ಬರೆದುಕೊಂಡು ಬರಲು ಎಲ್ಲರಿಗೂ ಹೇಳಿದರು. ಅಂದು ಬಳಸಿದ ಕಂಪ್ಯೂಟರುಗಳು ಯಾವುದೋ ಕಚೇರಿ ಬೇಡವೆಂದು ಕೊಟ್ಟ ಹಳೆಯವು. ಅವು ಅಷ್ಟು ಕೆಲಸ ಮಾಡಿದ್ದು ಆ ಶಿಕ್ಷಕರಿದ್ದ ಕಾರಣ.

ಗಣಿತದಲ್ಲಿ ಇಂಥ ಅವಕಾಶಗಳು ಬಹಳ. ಉಚಿತವಾಗಿ ಸಿಗುವ ಜಿಯೋಜೀಬ್ರಾ ಎಂಬ ಗಣಿತದ ತಂತ್ರಾಂಶದಲ್ಲಿ ಒಂದು ತ್ರಿಭುಜ ಬಿಡಿಸಿ ಅದರ ಶೃಂಗವನ್ನು ಮೌಸಿನಿಂದ ಎಳೆದಾಡಿದರೆ ಮೂರು ಕೋನಗಳೂ ಕಣ್ಣೆದುರೇ ಬದಲಾಗುತ್ತವೆ, ಮೊತ್ತ ಮಾತ್ರ 180ರಲ್ಲೇ ನಿಂತಿರುತ್ತದೆ. ಕಪ್ಪು ಹಲಗೆಯ ಮೇಲೆ ನಾನು ಎಷ್ಟು ತ್ರಿಭುಜ ಬಿಡಿಸಿದರೂ ಈ ಚಲನೆಯನ್ನು ತೋರಿಸಲು ಆಗುತ್ತಿರಲಿಲ್ಲ. ಹಾಗೆ ಏಕೆ ಆಗುತ್ತದೆ ಎಂಬ ಸಾಧನೆಯನ್ನು ಮಾತ್ರ ಹಲಗೆಯ ಮೇಲೆ, ಪುಸ್ತಕದ ಮೇಲೆ, ಕೈಯಿಂದ ಬರೆದೇ ಕಲಿಯಬೇಕು.

ಭಾಷೆಯ ವಿಷಯಕ್ಕೆ ಬರುತ್ತೇನೆ. ನಮ್ಮ ಜಿಲ್ಲೆಯ ಬಹಳಷ್ಟು ಮಕ್ಕಳ ಮನೆಮಾತು ತೆಲುಗು, ಶಿಡ್ಲಘಟ್ಟದ ರೇಷ್ಮೆ ಬಿಚ್ಚಾಣಿಕೆಯ ಕುಟುಂಬಗಳ ಮಕ್ಕಳಲ್ಲಿ ಅನೇಕರದು ಉರ್ದು. ಶಾಲೆಯಲ್ಲಿ ಕನ್ನಡ ಓದಿ ಬರೆದು ಕಲಿಯುವ ಈ ಮಕ್ಕಳಿಗೆ ಕಂಪ್ಯೂಟರ್ ಮುಂದೆ ಕೂತ ಕೂಡಲೇ ಇಂಗ್ಲಿಷ್ ಎದುರಾಗುತ್ತದೆ. ಇದು ಆಗಲೇಬೇಕಾದದ್ದೇನಲ್ಲ. ಲಿಬ್ರೆ ಆಫೀಸ್‌ನಂಥ ಮುಕ್ತ ತಂತ್ರಾಂಶದ ಪರದೆಯನ್ನು ಕನ್ನಡದಲ್ಲೇ ನೋಡಬಹುದು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ ನಮ್ಮ ಕೈಯಲ್ಲಿದ್ದು, ಸರ್ಕಾರವೇ ಅದನ್ನು ಒಪ್ಪಿದೆ. ಆ ವಿನ್ಯಾಸದಲ್ಲಿ ಒತ್ತಕ್ಷರ ಬರೆಯಬೇಕಾದರೆ ಮಗು ಮೊದಲ ವ್ಯಂಜನ, ಆಮೇಲೆ ಎಫ್ ಕೀಲಿ, ಆಮೇಲೆ ಎರಡನೆಯ ವ್ಯಂಜನ ಎಂದು ಬಿಡಿಸಿ ಒತ್ತಬೇಕು. ಅಲ್ಪಪ್ರಾಣ, ಮಹಾಪ್ರಾಣಗಳಿಗೆ ಒಂದೇ ಕೀಲಿ, ಶಿಫ್ಟ್ ಒತ್ತಿದರೆ ಮಹಾಪ್ರಾಣ. ಒತ್ತಕ್ಷರದಲ್ಲೂ ಮಹಾಪ್ರಾಣದಲ್ಲೂ ಸದಾ ಎಡವುವ ನಮ್ಮ ಕಡೆಯ ಮಕ್ಕಳಿಗೆ ಇದು ಕನ್ನಡದ ಕಾಗುಣಿತವನ್ನೇ ಇನ್ನೊಮ್ಮೆ ಕಲಿಸಿದಂತೆ. ಕನ್ನಡ ಶಿಕ್ಷಕರಿಗೂ ಕಂಪ್ಯೂಟರ್ ಕೊಠಡಿಯಲ್ಲಿ ವಾರಕ್ಕೆ ಒಂದು ಪೀರಿಯಡ್ ಇರಲಿ ಎಂದು ನಾನು ಹೇಳುವುದು ಅದಕ್ಕೇ. ಊರಿನ ಕೆರೆಯ ಬಗ್ಗೆ, ಅಜ್ಜಿಯ ಬಾಯಿಂದ ಕೇಳಿದ ಕತೆಯ ಬಗ್ಗೆ ಒಂದು ಪುಟ ಟೈಪ್ ಮಾಡಿ, ತಿದ್ದಿ, ಮುದ್ರಿಸಿ ಗೋಡೆಪತ್ರಿಕೆಗೆ ಅಂಟಿಸಿದ ಮಗು ಕಲಿತದ್ದು ಕಡಿಮೆಯಲ್ಲ.

ಚಿಕ್ಕ ಮಕ್ಕಳ ವಿಷಯದಲ್ಲಿ ಮಾತ್ರ ನನ್ನ ನಿಲುವು ಕಟ್ಟುನಿಟ್ಟು. ಒಂದರಿಂದ ಮೂರನೇ ತರಗತಿಯ ನಲಿ-ಕಲಿಯ ಮಕ್ಕಳಿಗೆ ಟ್ಯಾಬ್ ಬೇಡ. ಮರಳಿನಲ್ಲಿ ಬರೆಯುವ, ಹುಣಸೆ ಬೀಜ ಎಣಿಸುವ, ಹಾಡುವ, ಜಗಳವಾಡಿ ರಾಜಿಯಾಗುವ ವಯಸ್ಸು ಅದು. ಕೊರೊನಾ ಕಾಲದಲ್ಲಿ, ಬೇರೆ ದಾರಿಯೇ ಇಲ್ಲದಿದ್ದ 2020ರಲ್ಲಿ ಕೂಡ, ಕೇಂದ್ರ ಶಿಕ್ಷಣ ಸಚಿವಾಲಯದ ಮಾರ್ಗಸೂಚಿ ಶಾಲಾಪೂರ್ವ ಮಕ್ಕಳಿಗೆ ದಿನಕ್ಕೆ 30 ನಿಮಿಷಕ್ಕಿಂತ ಹೆಚ್ಚು ಪರದೆ ಬೇಡ ಎಂದಿತ್ತು. ಶಾಲೆಗಳಲ್ಲಿ ಡಿಜಿಟಲ್ ಸಾಧನಗಳನ್ನು ಧಾರಾಳವಾಗಿ ಬಳಸಿದ ಸ್ವೀಡನ್ 2023ರಲ್ಲಿ ಮುದ್ರಿತ ಪಠ್ಯಪುಸ್ತಕಗಳಿಗೆ ಮತ್ತೆ ದೊಡ್ಡ ಮೊತ್ತ ತೆಗೆದಿಟ್ಟಿತು. ಅವರು ದುಬಾರಿ ಬೆಲೆ ತೆತ್ತು ಕಲಿತದ್ದನ್ನು ನಾವು ಮತ್ತೆ ತೆತ್ತು ಕಲಿಯಬೇಕಿಲ್ಲ. ರಾಷ್ಟ್ರೀಯ ಶಿಕ್ಷಣ ನೀತಿ 2020 ಕೂಡ ಕೋಡಿಂಗ್ ಮಾತು ಎತ್ತುವುದು ಆರನೇ ತರಗತಿಯಿಂದಲೇ. ಅಂಗನವಾಡಿ, ಕಿರಿಯ ಪ್ರಾಥಮಿಕ ಶಾಲೆಗಳಿಗೆ ಪರದೆ ಕೊಡಲು ಮುಂದೆ ಬರುವ ದಾನಿಗಳು ದಯವಿಟ್ಟು ಕತೆ ಪುಸ್ತಕ, ಆಟದ ಸಾಮಾನು, ಶೌಚಾಲಯಕ್ಕೆ ನೀರು ಕೊಡಲಿ.

ಮನೆಯಲ್ಲಿ ಮೊಬೈಲ್ ಇದೆಯಲ್ಲ, ಶಾಲೆಯಲ್ಲಿ ಕಂಪ್ಯೂಟರ್ ಏಕೆ ಎಂಬ ಪ್ರಶ್ನೆಯನ್ನೂ ಸಭೆಗಳಲ್ಲಿ ಕೇಳಿದ್ದೇನೆ. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ ದೇಶದ ಗ್ರಾಮೀಣ ಕುಟುಂಬಗಳ ಪೈಕಿ ಕಂಪ್ಯೂಟರ್ ಇದ್ದದ್ದು ಶೇ 4.4ರಲ್ಲಿ ಮಾತ್ರ. ಮೊಬೈಲ್ ನಿಜಕ್ಕೂ ಮನೆಮನೆಗೆ ಬಂದಿದೆ, ಆದರೆ ಯಾರ ಕೈಗೆ ಎಂಬುದು ಮುಖ್ಯ. 14ರಿಂದ 18 ವರ್ಷದವರ ಬಗ್ಗೆ ನಡೆದ 2023ರ ‘ಅಸರ್’ ಎಂಬ ಗ್ರಾಮೀಣ ಶಿಕ್ಷಣ ಸಮೀಕ್ಷೆಯ ಪ್ರಕಾರ, ಸ್ಮಾರ್ಟ್‌ಫೋನ್ ಬಳಸಬಲ್ಲ ಹುಡುಗರಲ್ಲಿ ಶೇ 43.7ರಷ್ಟು ಮಂದಿಗೆ ಸ್ವಂತ ಫೋನ್ ಇದ್ದರೆ ಹುಡುಗಿಯರಲ್ಲಿ ಶೇ 19.8ರಷ್ಟು ಮಂದಿಗೆ ಮಾತ್ರ ಇತ್ತು. ಹೆಣ್ಣುಮಗುವಿಗೆ ಯಾರನ್ನೂ ಬೇಡದೆ ಯಂತ್ರದ ಮುಂದೆ ಕೂರುವ ಹಕ್ಕು ಸಿಗುವ ಜಾಗ ಶಾಲೆಯೊಂದೇ. ಶಾಲೆ ಬಿಟ್ಟರೆ ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರ. ಅಲ್ಲಿನ ಕಂಪ್ಯೂಟರುಗಳನ್ನು ಸಂಜೆ ಹೊತ್ತು ಶಾಲಾ ಮಕ್ಕಳಿಗೆ ಮೀಸಲಿಡಲು ಪಂಚಾಯಿತಿಗಳು ಮನಸ್ಸು ಮಾಡಬೇಕು.

ಶಿಕ್ಷಕರ ಸಮಯದ ಬಗ್ಗೆಯೂ ಒಂದು ಮಾತು. ಶಾಲೆಯಲ್ಲಿ ಕಂಪ್ಯೂಟರ್ ಬಲ್ಲ ಶಿಕ್ಷಕರು ಒಬ್ಬರಿದ್ದರೆ ಸ್ಯಾಟ್ಸ್, ಯುಡೈಸ್ ಎಂಬ ಆನ್‌ಲೈನ್ ಮಾಹಿತಿ ನಮೂದು, ಬಿಸಿಯೂಟದ ಲೆಕ್ಕ, ವಿದ್ಯಾರ್ಥಿವೇತನದ ಅರ್ಜಿ ಎಲ್ಲವೂ ಅವರ ತಲೆಯ ಮೇಲೆ ಬೀಳುತ್ತದೆ. ಕಲಿಸಬಲ್ಲವರೇ ಗುಮಾಸ್ತರಾಗಿ ಸವೆಯುವುದನ್ನು ಇಲಾಖೆ ತಡೆಯಬೇಕು. ಕ್ಲಸ್ಟರಿಗೆ ಒಬ್ಬ ದತ್ತಾಂಶ ನಮೂದು ಸಹಾಯಕರನ್ನು ಕೊಟ್ಟರೂ ಸಾಕು, ಹತ್ತಾರು ಶಾಲೆಗಳ ಪಾಠದ ಹೊತ್ತು ಉಳಿಯುತ್ತದೆ.

ಹಣದ ಕೊರತೆ ಎಂಬ ಉತ್ತರ ಪೂರ್ಣ ಸತ್ಯವಲ್ಲ. 2018ರಲ್ಲಿ ಶುರುವಾದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಒಂದು ಶಾಲೆಯ ಕಂಪ್ಯೂಟರ್ ಕೊಠಡಿ ಸಜ್ಜುಗೊಳಿಸಲು 6.40 ಲಕ್ಷ ರೂಪಾಯಿವರೆಗೆ, ಅದನ್ನು ನಡೆಸಲು ವರ್ಷಕ್ಕೆ 2.40 ಲಕ್ಷ ರೂಪಾಯಿವರೆಗೆ ಐದು ವರ್ಷ ಅವಕಾಶವಿದೆ. ನಡೆಸುವ ವೆಚ್ಚ ಮೂರು ವರ್ಷ ತುಂಬುವ ಮೊದಲೇ ಕೊಳ್ಳುವ ವೆಚ್ಚವನ್ನು ದಾಟುತ್ತದೆ ಎಂಬುದು ಈ ಅಂಕಿಗಳಲ್ಲೇ ಇದೆ. ದಾನಿಗಳು ಕೂಡ ಇದೇ ಅನುಪಾತವನ್ನು ಇಟ್ಟುಕೊಂಡು, ಇಪ್ಪತ್ತು ಲ್ಯಾಪ್‌ಟಾಪ್ ಕೊಡುವ ಹಣದಲ್ಲಿ ಏಳು ಕೊಟ್ಟು, ಉಳಿದದ್ದನ್ನು ಬ್ಯಾಟರಿ, ಇಂಟರ್‌ನೆಟ್, ರಿಪೇರಿಗಾಗಿ ಎಸ್‌ಡಿಎಂಸಿ ಖಾತೆಯಲ್ಲಿ ವರ್ಷವರ್ಷವೂ ಇಡಲಿ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಿಂದ ಬೆಂಬಲ ನಿಂತ ಕಾರಣ ಬೆಂಗಳೂರಿನ ಕಚೇರಿಗಳು ಕೈಬಿಡುವ ಯಂತ್ರಗಳು ನಮ್ಮ ಶಾಲೆಗಳತ್ತ ಬರಬಹುದು. ಅವುಗಳಿಗೆ ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣಾ ತಂತ್ರಾಂಶ ಹಾಕಿ, ಪರೀಕ್ಷಿಸಿ ಕೊಟ್ಟರೆ ಇನ್ನೂ ಕೆಲವು ವರ್ಷ ದುಡಿಯುತ್ತವೆ. ಹಾಗೆ ಮಾಡದೆ ತಂದು ಸುರಿದರೆ ಶಾಲೆಯ ಕೊಠಡಿ ಇ-ತ್ಯಾಜ್ಯದ ಗೋದಾಮಾಗುತ್ತದೆ.

ಆದ್ದರಿಂದ ಜಿಲ್ಲೆಯ ಶಾಲಾ ಶಿಕ್ಷಣ ಉಪನಿರ್ದೇಶಕರಲ್ಲಿ, ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಹಣಾಧಿಕಾರಿಗಳಲ್ಲಿ ನನ್ನ ಕೋರಿಕೆ ಇಷ್ಟು. ಮಕ್ಕಳ ಬಳಕೆಯಿಂದ ಸವೆದ, ಕೆಟ್ಟ ಉಪಕರಣಗಳನ್ನು ಒಂದು ಮಿತಿಯವರೆಗೆ ಎಸ್‌ಡಿಎಂಸಿ ಠರಾವಿನ ಮೇಲೆ ದಾಸ್ತಾನಿನಿಂದ ತೆಗೆದುಹಾಕುವ ಅಧಿಕಾರವನ್ನು ಮುಖ್ಯ ಶಿಕ್ಷಕರಿಗೆ ಕೊಡಿಸಿ, ಅದಕ್ಕಾಗಿ ಅವರ ಸಂಬಳಕ್ಕೂ ಪಿಂಚಣಿಗೂ ಕೈ ಹಾಕುವುದಿಲ್ಲ ಎಂದು ಲಿಖಿತವಾಗಿ ತಿಳಿಸಿ. ಎಂಟು ಮತ್ತು ಒಂಬತ್ತನೇ ತರಗತಿಗಳಿಗೆ ವಾರಕ್ಕೆ ಎರಡು ಪೀರಿಯಡ್‌ಗಳನ್ನು ವೇಳಾಪಟ್ಟಿಯಲ್ಲಿ ನಿಗದಿ ಮಾಡಿ; ಹಿಂದುಳಿದ ಮಕ್ಕಳಿಗೆ ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಕೊಠಡಿ ತೆರೆದಿರಲಿ, ಆ ಹೊತ್ತಿನಲ್ಲಿ ನಿಲ್ಲುವ ಶಿಕ್ಷಕರಿಗೆ ಗೌರವಧನ ಸಿಗಲಿ. ರಿಪೇರಿಗೆ ತಾಲ್ಲೂಕಿಗೊಬ್ಬ ತಂತ್ರಜ್ಞರನ್ನು ಗೊತ್ತು ಮಾಡಿ, ಜಿಲ್ಲೆಯ ಐಟಿಐ ಮತ್ತು ಪಾಲಿಟೆಕ್ನಿಕ್ ವಿದ್ಯಾರ್ಥಿಗಳನ್ನು ಅವರ ಜೊತೆ ಕಳಿಸಿ. ತರಬೇತಿ ಪಡೆದ ಶಿಕ್ಷಕರನ್ನು ವರ್ಗ ಮಾಡುವಾಗ ಅವರು ಹೋಗುವ ಶಾಲೆಯಲ್ಲಿ ನಡೆಯುವ ಕಂಪ್ಯೂಟರ್ ಇದೆಯೇ, ಬಿಟ್ಟು ಹೋಗುವ ಶಾಲೆಯಲ್ಲಿ ಅವರ ಜಾಗಕ್ಕೆ ಬಲ್ಲವರಿದ್ದಾರೆಯೇ ಎಂದು ನೋಡಿ.

ಇದಕ್ಕೆಲ್ಲ ಹೊಸ ಯೋಜನೆ ಬೇಕಿಲ್ಲ. ಮೊದಲ ಹೆಜ್ಜೆಯಾಗಿ ಪ್ರತಿ ಪ್ರೌಢಶಾಲೆಯ ಕಂಪ್ಯೂಟರ್ ಕೊಠಡಿಯ ಬಾಗಿಲಿಗೆ ಒಂದು ಬಳಕೆ ಪುಸ್ತಕ ತೂಗುಹಾಕಿಸಿ, ಯಾವ ದಿನ ಯಾವ ತರಗತಿ ಯಾವ ಪಾಠಕ್ಕೆ ಎಷ್ಟು ಹೊತ್ತು ಬಳಸಿತು, ಎಷ್ಟು ಯಂತ್ರ ನಡೆಯುತ್ತಿದ್ದವು ಎಂಬುದನ್ನು ಮಕ್ಕಳೇ ಅದರಲ್ಲಿ ಬರೆಯಲಿ. ಎಸ್‌ಡಿಎಂಸಿ ಸಭೆಯಲ್ಲಿ ಅದನ್ನು ಓದಿ ಸಹಿ ಮಾಡಲಿ, ಕ್ಷೇತ್ರ ಶಿಕ್ಷಣಾಧಿಕಾರಿಗಳು ಭೇಟಿಗೆ ಬಂದಾಗ ದಾಸ್ತಾನು ವಹಿಗಿಂತ ಮೊದಲು ಅದನ್ನು ಕೇಳಲಿ. ಮೇ ತಿಂಗಳ ಕೊನೆಗೆ ಶಾಲೆಗಳು ಮತ್ತೆ ತೆರೆಯುವ ಮೊದಲು ಜಿಲ್ಲೆಯ ಯಾವ ಶಾಲೆಯಲ್ಲಿ ಎಷ್ಟು ಕಂಪ್ಯೂಟರ್ ನಡೆಯುತ್ತಿವೆ, ಎಷ್ಟು ಕೆಟ್ಟು ನಿಂತಿವೆ ಎಂಬ ಪಟ್ಟಿಯನ್ನು ಇಲಾಖೆ ಬಹಿರಂಗಪಡಿಸಬೇಕೆಂದೂ, ಅದನ್ನು ತಮ್ಮ ಪತ್ರಿಕೆ ತಾಲ್ಲೂಕುವಾರು ಪ್ರಕಟಿಸಬೇಕೆಂದೂ ಕೋರುತ್ತೇನೆ.

ತಮ್ಮ ವಿಶ್ವಾಸಿ,
ನಿವೃತ್ತ ಗಣಿತ ಶಿಕ್ಷಕಿ,
ಶಿಡ್ಲಘಟ್ಟ ತಾಲ್ಲೂಕು, ಚಿಕ್ಕಬಳ್ಳಾಪುರ ಜಿಲ್ಲೆ